ವರ್ಷಗಳ ಅಳತೆಕೋಲು

ನನ್ನ ತಮ್ಮ ಆರ್ವಿಡ್ ಟ್ವೆಟೆನ್‌ನ ಅಳತೆಕೋಲಿನಲ್ಲಿ ಇಂಚುಗಳಿರಲಿಲ್ಲ, ವರ್ಷಗಳಿದ್ದವು. ಪೈಕ್ ಮೀನಿನ ಮೂತಿಯಿಂದ ಬಾಲದವರೆಗೆ ಕೋಲಿಟ್ಟರೆ ಸಾಕು, ಅದರ ವಯಸ್ಸು ಸಿಗುತ್ತದೆ ಎಂದು ಅವನೇ ಗೆರೆ ಎಳೆದು ಮಾಡಿಕೊಂಡದ್ದು. ಮೊಳದುದ್ದದ್ದಕ್ಕೆ ಮೂರು ವರ್ಷ, ಎರಡು ಮೊಳದ್ದಕ್ಕೆ ಹದಿನಾಲ್ಕು. ಇಪ್ಪತ್ತಾರು ವರ್ಷ, ಹಿಮ ಕರಗಿದ ಮೇಲೆ ಪ್ರತಿ ಶನಿವಾರ, ಉತ್ತರ ಮಿನ್ನೆಸೋಟದ ನಮ್ಮ ಸರೋವರದ ದೋಣಿಕಟ್ಟೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ. ನನ್ನ ಗಾಳದ ಅಂಗಡಿ ಅದರ ಎದುರಿಗೇ ಇದೆ. ಅವನ ಉಪದೇಶ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು.

ಚಿಕ್ಕದು ಬಂದರೆ, “ಇದಿನ್ನೂ ಮಗು ಕಣಪ್ಪ. ನೀರಿಗೆ ಬಿಡು, ಬೆಳೀಲಿ,” ಎನ್ನುವನು. ದೊಡ್ಡದು ಬಂದರೆ, “ಮುದುಕಿ. ಇನ್ನೆಷ್ಟು ದಿನ ಬದುಕ್ತಾಳೆ? ತಗೊಂಡೋಗಿ ಹುರ್ಕೋ.”

ಜನ ಅವನ ಮಾತು ಕೇಳಿದರು. ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ, ಆಗ ಯಾರಿಗೆ ಗೊತ್ತಿತ್ತು? ವರ್ಷದಿಂದ ವರ್ಷಕ್ಕೆ ದೊಡ್ಡ ಪೈಕ್ ಕಾಣೆಯಾದವು. ನೀರಿನ ತುಂಬ ಸುತ್ತಿಗೆ ಹಿಡಿಯಂಥ ಬಡಕಲು ಮೀನುಗಳು.

“ಇನ್ನೈದು ವರ್ಷ ತಾಳಕ್ಕ. ಈ ಮರಿಗಳೆಲ್ಲ ದೊಡ್ಡವಾಗ್ತವೆ. ಅಪ್ಪನ ಕಾಲದಲ್ಲಿದ್ದ ಹಾಗೆ ಆಗುತ್ತೆ ನೋಡು,” ಎನ್ನುತ್ತಿದ್ದ. ಹೆಂಡತಿ ಹೋಗಿದ್ದಳು, ಮಂಡಿ ಹೋಗಿತ್ತು. ಅದೊಂದನ್ನು ನೋಡಿ ಕಣ್ಣು ಮುಚ್ಚಬೇಕು ಎಂಬ ಆಸೆ ಮಾತ್ರ ಉಳಿದಿತ್ತು. ಐದು ಐದು ಎನ್ನುತ್ತಲೇ ಇಪ್ಪತ್ತು ವರ್ಷ ಕಳೆಯಿತು.

ಈ ಮೇ ತಿಂಗಳಲ್ಲಿ ಮೀನು ಇಲಾಖೆಯ ಹುಡುಗಿ ಕೆಲ್ಸಿ ಬಲೆ ಹಾಕಿ ಮೀನು ಪರೀಕ್ಷಿಸಲು ಬಂದಳು. ಒಂದು ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಕಾಫಿ ಕುಡಿಯುತ್ತ, ಕಿವಿರಿನ ಹಿಂದಿರುವ ಅಗಲ ಮೂಳೆಯೊಂದನ್ನು ಆರ್ವಿಡ್‌ನ ಮುಂದಿಟ್ಟಳು. ಬೇಯಿಸಿ ಮಾಂಸ ಬಿಡಿಸಿದ್ದಳು.

“ಮೊಳದುದ್ದದ ಮೀನಿಂದು. ಎಷ್ಟು ವರ್ಷ ಹೇಳಿ ಅಜ್ಜ.”

“ಮೂರು.”

“ಮರದಲ್ಲಿರೋ ಹಾಗೇ ಇದರಲ್ಲೂ ವರ್ಷಕ್ಕೊಂದು ಸುತ್ತು ಇರುತ್ತೆ. ಎಣಿಸಿ.”

ಕಿಟಕಿಯ ಬೆಳಕಿಗೆ ಹಿಡಿದು ಎಣಿಸಿದ. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದ. ಒಂಬತ್ತು. ಅವಳು ಕೊಟ್ಟ ಇನ್ನೊಂದರಲ್ಲಿ ಹತ್ತು, ಮತ್ತೊಂದರಲ್ಲಿ ಹನ್ನೊಂದು.

“ಇವು ಇನ್ನು ಬೆಳೆಯಲ್ಲ ಅಜ್ಜ. ಇಷ್ಟೊಂದು ತುಂಬಿಕೊಂಡರೆ ಯಾವುದಕ್ಕೂ ಹೊಟ್ಟೆಗೆ ಸಾಲಲ್ಲ. ಇವನ್ನ ತಿಂದು ಕಡಿಮೆ ಮಾಡೋದು ದೊಡ್ಡ ಹೆಣ್ಣುಗಳು. ಅವನ್ನೇ ನೀವು...” ನನ್ನ ಮುಖ ನೋಡಿ ನಿಲ್ಲಿಸಿದಳು.

“ಹುರ್ಕೊಂಡು ತಿಂದ್ವಿ,” ಎಂದ ಆರ್ವಿಡ್.

ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬಂತು. ಅವಳದೇನು ತಪ್ಪು? ಆದರೂ ಬಂತು.

ಶನಿವಾರ ಅವನು ಮತ್ತೆ ಕಟ್ಟೆಗೆ ಹೋದ. ಚಿಕ್ಕದನ್ನು ಒಯ್ಯಿರಿ, ದೊಡ್ಡದನ್ನು ಬಿಡಿ ಎಂದು ಬಂದವರಿಗೆಲ್ಲ ಹೇಳಿದ. “ಹೋದ ವಾರದ ಮಗು ಈ ವಾರ ಮುದುಕನಾಯ್ತಾ?” ಎಂದು ನಕ್ಕರು. ಅರಳುಮರಳು ಎಂದು ಆಡಿಕೊಂಡರು.

ಮೂರನೆಯ ಶನಿವಾರ ನಮ್ಮೂರಿನ ಡಾರೆಲ್ ಬ್ರಾಸ್ಕ್ ಎರಡು ಮೊಳದ ಹೆಣ್ಣು ಪೈಕ್ ತಂದ. ಅಷ್ಟು ದೊಡ್ಡದನ್ನು ನೋಡಿ ನಾಲ್ಕು ವರ್ಷವಾಗಿತ್ತು. ದೋಣಿಯ ನೀರಿನ ತೊಟ್ಟಿಯಲ್ಲಿ ಇನ್ನೂ ಉಸಿರಾಡುತ್ತಿತ್ತು. ಆರ್ವಿಡ್ ಕೋಲು ಬಿಟ್ಟು ಎದ್ದ.

“ಬಿಟ್ಟುಬಿಡೋ ಡಾರೆಲ್. ನಿನ್ನ ದಮ್ಮಯ್ಯ.”

“ಚಿಕ್ಕಂದಿನಿಂದ ನೀನೇ ತಾನೆ ಹೇಳಿದ್ದು, ದೊಡ್ಡದೆಲ್ಲ ಮುದುಕಿ ಅಂತ? ನನ್ನ ಮಕ್ಕಳಿಗೂ ಅದನ್ನೇ ಹೇಳಿಕೊಟ್ಟಿದ್ದೀನಿ. ಮನೇಲಿ ಎಣ್ಣೆ ಕಾಯ್ತಿದೆ ಮಾರಾಯ.”

ಡಾರೆಲ್ ಕೆಟ್ಟವನಲ್ಲ. ಅಲ್ಲೇ ಅದರ ತಲೆಗೆ ಹೊಡೆದು, ಕೊಯ್ದು, ಆರ್ವಿಡ್ ಕೇಳಿದ ಮೂಳೆಯನ್ನು ತೊಳೆದುಕೊಟ್ಟ.

ಆರ್ವಿಡ್ ಅದನ್ನು ನನ್ನ ಕಾಫಿ ಪಾತ್ರೆಯಲ್ಲೇ ಕುದಿಸಿದ. ಕಿಟಕಿಯ ಬೆಳಕಿಗೆ ಹಿಡಿದು ಸುತ್ತು ಎಣಿಸಿದ.

“ಎಷ್ಟೋ?” ಎಂದೆ.

“ಎಂಟು. ಆ ಸುತ್ತಿಗೆ ಹಿಡಿಗಳಿಗಿಂತ ಚಿಕ್ಕವಳು ಕಣಕ್ಕ.”

ಮೂಳೆಯನ್ನು ಜೇಬಿಗೆ ಹಾಕಿಕೊಂಡು ಕುಂಟುತ್ತ ಕುರ್ಚಿಗೆ ಹೋದ. ಕಟ್ಟೆಯ ತುದಿಯಲ್ಲಿ ಯಾರೋ ಮೊಳದುದ್ದದ ಮೀನನ್ನು ನೀರಿಗೆ ಬಿಡುತ್ತ, “ನಿನ್ನ ಮಗೂನ ಬಿಟ್ಟೆ ಆರ್ವಿಡ್,” ಎಂದು ಪ್ರೀತಿಯಿಂದ ಕೈಬೀಸಿದರು. ಅವನೂ ಕೈಬೀಸಿದ.