ಬಾವಿಗೆ ಬಿದ್ದ ಫಿಶ್ ಫೈಂಡರ್

ಶಿರ್ವದ ಒಳರಸ್ತೆಗಳಲ್ಲಿ ಕುಶಲಾಳ ಸ್ಕೂಟರಿನ ಹಾರ್ನ್ ಕೇಳಿಸಿದರೆ ಹೆಂಗಸರು ಪಾತ್ರೆ ಹಿಡಿದುಕೊಂಡು ಗೇಟಿಗೆ ಬರುತ್ತಿದ್ದರು. ಅವಳ ಅತ್ತೆ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಬಸ್ಸು ಹಿಡಿದು ಮೀನು ಮಾರಿದವರು. ಕುಶಲಾ ಮದುವೆಯಾಗಿ ಕಾಪುವಿನ ಕಡಲತೀರದ ಮನೆಗೆ ಬಂದವಳೇ ಸ್ಕೂಟರ್ ಕಲಿತು, ಹಿಂದಿನ ಸೀಟಿಗೆ ಐಸ್ ಪೆಟ್ಟಿಗೆ ಕಟ್ಟಿಕೊಂಡಳು. ಯಾವ ಮನೆಗೆ ಬಂಗುಡೆ ಬೇಕು, ಯಾವ ಮನೆಗೆ ಕಾಣೆ, ಯಾರ ಮನೆಗೆ ಅಳಿಯ ಬಂದಿದ್ದಾನೆ, ಹಾಗಾಗಿ ಇವತ್ತು ದುಬಾರಿಯ ಮಾಂಜಿ ಮೀನು ತೋರಿಸಿದರೂ ತೆಗೆದುಕೊಳ್ಳುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಮೀನಿನ ಜೊತೆಗೆ ಅಭಿಪ್ರಾಯವನ್ನೂ ಧಾರಾಳವಾಗಿ ಕೊಡುತ್ತಿದ್ದಳು. ಮೊಣಕಾಲು ನೋವಿಗೆ ಯಾವ ಡಾಕ್ಟರು, ಬಾಡಿಗೆಗೆ ಬಂದವರನ್ನು ಹೇಗೆ ಎಬ್ಬಿಸುವುದು, ಸೊಸೆ ಮಾತು ಬಿಟ್ಟರೆ ಏನು ಮಾಡುವುದು, ಎಲ್ಲದಕ್ಕೂ ಅವಳಲ್ಲಿ ಉತ್ತರವಿತ್ತು. ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯುವ ಚಾಳಿ ಇಲ್ಲದ್ದರಿಂದ ಯಾರಿಗೂ ಅದು ಬೇಸರವಾಗಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುತ್ತಾ ಬಂದಾಗ ಒಂದು ದಿನ ಇಮೆಲ್ಡಾ ಬಾಯಮ್ಮನ ಮನೆಯಲ್ಲಿ ದೊಡ್ಡ ಗಲಾಟೆ. ಮಗ ಕುವೈತಿನಿಂದ ಬಂದಾಗ ಗೋಡೆಯಗಲಕ್ಕೆ ಹಾಕಿಸಿ ಹೋಗಿದ್ದ ಟಿವಿಯನ್ನು ಮೊಮ್ಮಗ ಡೆನ್ವರ್ ಚೆಂಡು ಹೊಡೆದು ಒಡೆದಿದ್ದ. ಹುಡುಗನನ್ನು ಕೋಣೆಯೊಳಗೆ ಹಾಕಿ ಬಾಗಿಲು ಎಳೆದುಕೊಂಡು ಬಂದ ಬಾಯಮ್ಮ, "ಇವತ್ತು ಇವನಿಗೆ ಊಟ ಇಲ್ಲ" ಎಂದು ಕುಶಲಾಳ ಎದುರೇ ಸಾರಿದರು.

ಕುಶಲಾ ಬಂಗುಡೆ ಆರಿಸುವ ಕೈ ನಿಲ್ಲಿಸಿ ಕೇಳಿದಳು, "ಹುಡುಗನ ಕಾಲಿಗೆ ಗಾಜು ಚುಚ್ಚಿತಾ, ನೋಡಿದಿರಾ?"

"ಇಲ್ಲ. ಟಿವಿ ನೋಡಿಯೇ ನನಗೆ ತಲೆ ತಿರುಗಿತು ಮಾರಾಯ್ತಿ."

"ಮೊದಲು ಹೋಗಿ ಕಾಲು ನೋಡಿ. ಟಿವಿ ವಿಷಯ ಊಟ ಆದ ಮೇಲೆ ಮಾತಾಡಿದರೆ ಆಯಿತು. ಅದು ಗೋಡೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಅಲ್ವಾ?"

ಬಾಯಮ್ಮ ಒಳಗೆ ಹೋದರು. ಕುಶಲಾ ಮೀನು ತೂಗಿ ಇಟ್ಟು, ತನ್ನ ಮಾತನ್ನು ತಾನೇ ಮೆಚ್ಚಿಕೊಂಡು ಮುಂದಿನ ಮನೆಗೆ ಹೊರಟಳು.

ದಸರಾ ರಜೆ ಶುರುವಾಗುವಷ್ಟರಲ್ಲಿ ಅಂಥದ್ದೇ ಗಲಾಟೆ ಅವಳ ಮನೆಯಂಗಳಕ್ಕೂ ಬಂತು.

ಕುಶಲಾಳ ಗಂಡ ಶೇಖರ ನಾಡದೋಣಿಯವನು. ನೆರೆಮನೆಯ ಯೋಗೀಶ್ ಮತ್ತು ಅವನು ಸೇರಿ ಒಂದು ಔಟ್‌ಬೋರ್ಡ್ ಎಂಜಿನ್ನಿನ ದೋಣಿ ಇಟ್ಟುಕೊಂಡಿದ್ದರು. ಕೆಲವು ತಿಂಗಳ ಹಿಂದೆ ಇಬ್ಬರೂ ಸೇರಿ ದೋಣಿಗೆ ಫಿಶ್ ಫೈಂಡರ್ ತಂದಿದ್ದರು. ನೀರಿಗೆ ಬಿಡುವ ಮುಷ್ಟಿಗಾತ್ರದ ಒಂದು ಗುಂಡು, ಅದರಿಂದ ಒಂದು ಉದ್ದ ವೈರು, ವೈರಿನ ಕೊನೆಗೆ ಪುಸ್ತಕದಷ್ಟಗಲದ ಪರದೆ. ದೋಣಿಯ ಕೆಳಗೆ ಎಷ್ಟು ಆಳ ಉಂಟು, ಮೀನಿನ ಹಿಂಡು ಎಲ್ಲಿ ಉಂಟು ಎಂಬುದು ಪರದೆಯ ಮೇಲೆ ಬಣ್ಣಬಣ್ಣವಾಗಿ ಮೂಡುತ್ತಿತ್ತು. ಮನೆಯಲ್ಲಿ ಎಲ್ಲರೂ ಅದನ್ನು 'ಸೆಟ್' ಎನ್ನುತ್ತಿದ್ದರು. ಅದು ಬಂದ ಮೇಲೆ ಬರಿಗೈಯಲ್ಲಿ ವಾಪಸಾದ ದಿನಗಳು ಕಡಿಮೆಯಾಗಿದ್ದವು. ಶೇಖರ ಅದನ್ನು ಮುಟ್ಟುವ ಮೊದಲು ಕೈ ಒರೆಸಿಕೊಳ್ಳುತ್ತಿದ್ದ.

ಎಂಜಿನ್ ರಿಪೇರಿಗೆ ಹೋಗಿ ದೋಣಿ ಮರಳ ಮೇಲೆ ಕುಳಿತಿದ್ದಾಗ ಶೇಖರ ಸೆಟ್ಟನ್ನೂ ಅದರ ಬ್ಯಾಟರಿಯನ್ನೂ ಬಿಚ್ಚಿ ಮನೆಗೆ ತಂದು ಕಪಾಟಿನ ಮೇಲಿಟ್ಟ. ಬೆಳಗ್ಗೆ ಅವನು ಮಲ್ಪೆಗೆ ಹೋದ, ಕುಶಲಾ ಶಿರ್ವಕ್ಕೆ ಹೋದಳು. ಮನೆಯಲ್ಲಿ ಆರನೆಯ ಕ್ಲಾಸಿನ ಮಗಳು ತೃಷಾ ಒಬ್ಬಳೇ.

ಮಧ್ಯಾಹ್ನ ಕುಶಲಾ ಬಂದು ಸ್ಕೂಟರ್ ನಿಲ್ಲಿಸುವಾಗ ಕಣ್ಣಿಗೆ ಮೊದಲು ಬಿದ್ದದ್ದು ಬಾವಿಕಟ್ಟೆಯ ಮೇಲಿದ್ದ ದೋಣಿಯ ಬ್ಯಾಟರಿ. ಅದರ ಪಕ್ಕ, ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ, ಕಪ್ಪು ಪ್ಲಾಸ್ಟಿಕ್ಕಿನ ಎರಡು ಚೂರು. ಬಾವಿಯೊಳಗೆ ಬಗ್ಗಿ ನೋಡಿದಳು. ಮಳೆಗಾಲದ ನೀರು ಇನ್ನೂ ಮೇಲೆಯೇ ಇತ್ತು. ಅದರಲ್ಲಿ ಅವಳ ಮುಖ ಬಿಟ್ಟರೆ ಬೇರೇನೂ ಕಾಣಿಸಲಿಲ್ಲ. ಆದರೂ ಅವಳಿಗೆ ಅರ್ಥವಾಯಿತು.

"ತೃಷಾ! ಯಾರು ಮಾಡಿದ್ದು ಇದು?"

ಬೆಳಗ್ಗೆ ಕಡಲತೀರದ ಏಲಂನಲ್ಲಿ ಮೀನಿಗೆ ಬೆಲೆ ಕೂಗುವಾಗಿನ ಗಂಟಲು ಅದು. ತೃಷಾ ಅಡುಗೆಮನೆಯ ಬಾಗಿಲಿನಿಂದ ಹೊರಗೆ ಬಂದಳು, ಎರಡೂ ಕೈ ಬೆನ್ನ ಹಿಂದೆ.

"ಶ್ರವಣ್" ಎಂದಳು.

ಶ್ರವಣ್ ಯೋಗೀಶನ ಮಗ, ತೃಷಾಳ ಕ್ಲಾಸಿನವನೇ. ಅಷ್ಟರಲ್ಲಿ ಶೇಖರನೂ ಬಂದ. ಬಾವಿಕಟ್ಟೆ ನೋಡಿದ, ಚೂರು ಎತ್ತಿಕೊಂಡು ನೋಡಿದ, ಶ್ರವಣನ ಹೆಸರು ಕೇಳಿಸಿಕೊಂಡ. ಬಿಚ್ಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿ ಯೋಗೀಶನ ಮನೆಯ ಕಡೆಗೆ ತಿರುಗಿದ.

ಕುಶಲಾ ಮಗಳ ಮುಖ ನೋಡುತ್ತಿದ್ದಳು. ಅಪ್ಪನ ಕಾಲು ಚಪ್ಪಲಿಯೊಳಗೆ ಹೋದ ಕ್ಷಣ ಆ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಸುಳ್ಳು ಎಂದು ಕುಶಲಾಳಿಗೆ ಗೊತ್ತಾಯಿತು. ಅದರ ಜೊತೆಗೇ ಇನ್ನೊಂದು ವಿಷಯವೂ ಹೊಳೆಯಿತು. ಯಾರು ಮಾಡಿದ್ದು ಎಂದು ತಾನು ಕೂಗಿ ಕೇಳಿದ್ದಕ್ಕೇ ಹುಡುಗಿ ಹೆದರಿ ಒಂದು ಹೆಸರು ಕೊಟ್ಟಿದ್ದಳು. ಬಾಯಮ್ಮನಿಗೆ ಅಷ್ಟು ದೊಡ್ಡದಾಗಿ ಹೇಳಿಬಂದ ತಾನು ಮಗಳ ಕೈಯನ್ನು ಇನ್ನೂ ನೋಡಿರಲಿಲ್ಲ.

"ನೀವು ನಿಲ್ಲಿ" ಎಂದಳು ಗಂಡನಿಗೆ. "ಐದು ನಿಮಿಷ ಕೊಡಿ ನನಗೆ."

"ಎಂತ ಐದು ನಿಮಿಷ? ಸೆಟ್ ಹೋಯಿತು, ನಿನಗೆ ಗೊತ್ತುಂಟಾ?"

"ಗೊತ್ತುಂಟು. ಐದು ನಿಮಿಷದಲ್ಲಿ ಅದು ಇನ್ನೂ ಹೆಚ್ಚು ಹೋಗುವುದಿಲ್ಲ."

ಶೇಖರ ನಿಂತ, ಆದರೆ ಚಪ್ಪಲಿ ಬಿಚ್ಚಲಿಲ್ಲ. ಕುಶಲಾ ಒಗೆಯುವ ಕಲ್ಲಿನ ಮೇಲೆ ಕುಳಿತು ಮಗಳನ್ನು ಹತ್ತಿರ ಕರೆದಳು. ಬೆನ್ನ ಹಿಂದಿನ ಕೈಗಳನ್ನು ಮುಂದಕ್ಕೆ ಎಳೆದು ನೋಡಿದರೆ ಬಲಗೈಯ ಅಂಗೈ ತರಚಿತ್ತು. ಜಾರುವ ವೈರನ್ನು ಹಿಡಿಯಲು ಹೋದ ಗುರುತು. ಸೆರಗಿನ ತುದಿ ಒದ್ದೆ ಮಾಡಿ ಒರೆಸಿದಳು. ಒರೆಸುತ್ತಾ, ಈ ಸಲ ಮನೆಯ ಗಂಟಲಿನಲ್ಲಿ ಕೇಳಿದಳು, "ಹೇಗಾಯಿತು, ಶುರುವಿನಿಂದ ಹೇಳು. ನಾನು ಮಧ್ಯದಲ್ಲಿ ಬಾಯಿ ಹಾಕುವುದಿಲ್ಲ."

ತೃಷಾ ಮೊದಲು ಅತ್ತಳು. ಆಮೇಲೆ ಹೇಳಿದಳು. ಬಾವಿಯಲ್ಲಿ ಅಜ್ಜಿ ಬಿಟ್ಟಿದ್ದ ಒಂದು ಮುಗುಡು ಮೀನು ಇತ್ತಲ್ಲ, ಅದನ್ನು ಈ ವರ್ಷ ಯಾರೂ ಕಂಡಿಲ್ಲ. ಸತ್ತಿದೆ ಎಂದು ಶ್ರವಣ್, ಇಲ್ಲ ಎಂದು ಇವಳು. ಸಮುದ್ರದ ಮೀನನ್ನು ತೋರಿಸುವ ಸೆಟ್ ಬಾವಿಯ ಮೀನನ್ನೂ ತೋರಿಸಲೇಬೇಕಲ್ಲ? ಹಾಗಾಗಿ ಅಪ್ಪ ಮಾಡುವಂತೆಯೇ ಬ್ಯಾಟರಿಗೆ ವೈರು ಸಿಕ್ಕಿಸಿ, ಗುಂಡನ್ನು ನಿಧಾನವಾಗಿ ನೀರಿಗೆ ಬಿಟ್ಟಳು. ಪರದೆ ಹೊತ್ತಿಕೊಂಡಿತು. ಆಳ ಬಂತು. ಬಾವಿಯ ತಳ ಕೆಂಪು ಗೆರೆಯಾಗಿ ಬಂತು. ಖುಷಿಯಲ್ಲಿ ಇನ್ನಷ್ಟು ಬಗ್ಗಿದಾಗ ಮೊಣಕೈ ತಾಗಿ ಪರದೆ ಕಟ್ಟೆಯಿಂದ ಕಲ್ಲಿಗೆ ಬಿತ್ತು, ಬ್ಯಾಟರಿಯಿಂದ ಕಳಚಿಕೊಂಡಿತು, ಗುಂಡಿನ ಭಾರಕ್ಕೆ ವೈರು ಜಾರುತ್ತಾ ಅದನ್ನೂ ಬಾವಿಗೆ ಎಳೆದುಕೊಂಡಿತು.

"ಶ್ರವಣ್ ಎಲ್ಲಿದ್ದ?"

"ಅವನು ಬರಲೇ ಇಲ್ಲ ಅಮ್ಮ."

ಶೇಖರ ತೆಂಗಿನ ಮಡಲಿನಿಂದ ಒಂದು ಕೋಲು ಮುರಿದುಕೊಂಡು ಬಂದ. ಕುಶಲಾ ಎದ್ದು ಇಬ್ಬರ ನಡುವೆ ನಿಂತಳು.

"ಬೇಡ" ಎಂದಳು.

"ನಿನಗೆ ಭಾಷಣ ಸುಲಭ. ನಾಳೆ ಕಡಲಿಗೆ ಇಳಿಯುವವನು ನಾನು."

"ಹೌದು, ಇಳಿಯುವವರು ನೀವು. ನಷ್ಟ ನಿಮಗೆ, ನನಗೆ, ಯೋಗೀಶಣ್ಣನಿಗೆ. ಅದನ್ನು ಅವಳಿಗೆ ತಿಳಿಸಬೇಕು, ನಾನು ಬಿಡುವುದಿಲ್ಲ. ಆದರೆ ಕೋಲಿನಿಂದ ಅವಳಿಗೆ ತಿಳಿಯುವುದು ನಿಮ್ಮ ಸಿಟ್ಟು ಮಾತ್ರ. ಇವತ್ತು ಹೊಡೆದರೆ ಮುಂದಿನ ಸಲ ಆ ಬ್ಯಾಟರಿಯೂ ಬಾವಿಗೆ ಹೋಗ್ತದೆ, ನಮಗೆ ಕಾಣಬಾರದು ಎಂದು."

ಶೇಖರ ಕೋಲನ್ನು ಎಸೆದ. ಒಪ್ಪಿಕೊಂಡು ಎಸೆದದ್ದಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವನು ಮನೆಯ ಹಿಂದಕ್ಕೆ ಹೋಗಿ ಬಾವಿಗೆ ಬಿದ್ದ ಕೊಡಪಾನ ತೆಗೆಯುವ ಕೊಕ್ಕೆ ಹಿಡಿದುಕೊಂಡು ಬಂದು, ಯಾರ ಕಡೆಗೂ ನೋಡದೆ ಬಾವಿಗೆ ಇಳಿಸತೊಡಗಿದ.

ಕುಶಲಾ ಮಗಳ ಕಡೆಗೆ ತಿರುಗಿದಳು. "ಮೊಣಕೈ ತಾಗಿದ್ದಕ್ಕೆ ನಾನು ಎಂತ ಹೇಳುವುದೂ ಇಲ್ಲ, ಅದು ನನ್ನಿಂದಲೂ ಆಗ್ತದೆ. ಕೇಳದೆ ತೆಗೆದದ್ದು ತಪ್ಪು. ಶ್ರವಣನ ಹೆಸರು ಹೇಳಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ನಾನು ಕೂಗಿದ್ದರಿಂದ ನಿನಗೆ ಹೆದರಿಕೆ ಆಯಿತು, ಅದು ನನ್ನದು, ನಾನು ಸರಿ ಮಾಡಿಕೊಳ್ತೇನೆ. ನಿನ್ನದನ್ನು ನೀನು ಸರಿ ಮಾಡಬೇಕು. ಈಗ ಯೋಗೀಶಣ್ಣನ ಮನೆಗೆ ಹೋಗುವಾ."

"ನೀನು ಹೇಳ್ತೀಯಾ ಅಮ್ಮ?"

"ಪಕ್ಕದಲ್ಲಿ ನಿಲ್ತೇನೆ. ಹೇಳುವವಳು ನೀನು."

ಯೋಗೀಶ್ ಜಗಲಿಯಲ್ಲಿ ಬಲೆಯ ತೂತು ಹೊಲಿಯುತ್ತಿದ್ದ. ತೃಷಾ ಮೆಟ್ಟಿಲ ಬಳಿ ನಿಂತು, ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದಳು. ಸೆಟ್ಟಿನಲ್ಲಿ ಅರ್ಧ ಅವನದ್ದು. ಯೋಗೀಶ್ ಸೂಜಿಯನ್ನು ಬಲೆಗೆ ಚುಚ್ಚಿಟ್ಟ. ಆಮೇಲೆ ಕೇಳಿದ, "ಮುಗುಡು ಕಾಣಿಸಿತಾ?"

"ಇಲ್ಲ. ತಳ ಮಾತ್ರ."

"ಅದು ಕೆಸರಿನ ಒಳಗೆ ಕೂರ್ತದೆ ಮಗಾ, ಸೆಟ್ಟಿಗೆ ಸಿಗುವುದಿಲ್ಲ." ಅವನು ನಕ್ಕ, ನಗು ಪೂರ್ತಿ ಬರಲಿಲ್ಲ, ಆದರೂ ನಕ್ಕ. "ಆಯಿತು. ಬಂದು ಹೇಳಿದೆಯಲ್ಲ."

ಕಷ್ಟವಾದದ್ದು ಶ್ರವಣನ ಹತ್ತಿರ. ಅವನು ಬಾಗಿಲ ಮರೆಯಿಂದ ಎಲ್ಲ ಕೇಳಿಸಿಕೊಂಡಿದ್ದ. ತೃಷಾ "ಸಾರಿ" ಎಂದಾಗ, "ನಾನು ಮನೆಯಲ್ಲೇ ಇದ್ದೆ. ನನ್ನ ಹೆಸರು ಯಾಕೆ ಹೇಳಿದ್ದು?" ಎಂದು ಕೇಳಿ ಒಳಗೆ ಹೋದ. ವಾಪಸು ಬರುವ ದಾರಿಯಲ್ಲಿ ತೃಷಾ ಬಿಕ್ಕಿದಳು. "ಇನ್ನೊಮ್ಮೆ ಅವನಿಗೆ ನೀನು ಹೇಳ್ತೀಯಾ?" ಎಂದು ಕೇಳಿದಳು. ಕುಶಲಾ ಅದಕ್ಕೆ ಒಪ್ಪಲಿಲ್ಲ. ಶ್ರವಣ್ ಮತ್ತೆ ಅವಳೊಂದಿಗೆ ಶಾಲೆಗೆ ನಡೆಯಲು ದೀಪಾವಳಿ ಕಳೆಯಬೇಕಾಯಿತು. ಆ ದಿನಗಳಲ್ಲಿ ಮಗಳು ಒಬ್ಬಳೇ ಗೇಟು ದಾಟುವುದನ್ನು ಕುಶಲಾ ಸ್ಕೂಟರಿನ ಬಳಿ ನಿಂತು ನೋಡುತ್ತಿದ್ದಳು. ಹೋಗಿ ಆ ಹುಡುಗನನ್ನು ಒಪ್ಪಿಸಿ ಬರುವುದು ಅವಳಿಗೆ ಎಷ್ಟರ ಕೆಲಸ? ಆದರೂ ಹೋಗಲಿಲ್ಲ.

ಶೇಖರ ಕೊಕ್ಕೆಯಿಂದ ಸೆಟ್ಟನ್ನು ಮೇಲೆ ತಂದಿದ್ದ. ಮಲ್ಪೆಯಲ್ಲಿ ದೋಣಿಯ ಎಲೆಕ್ಟ್ರಾನಿಕ್ ಸಾಮಾನು ರಿಪೇರಿ ಮಾಡುವ ಲಿಯೋನೆಲ್ ಅದನ್ನು ಬಿಚ್ಚಿ, ತಿರುಗಿಸಿ, ಊದಿ ನೋಡಿದ. ಪರದೆಯೂ ಅದರ ಹಿಂದಿನ ಬೋರ್ಡೂ ಹೋಗಿದ್ದವು. ಗುಂಡು ಮತ್ತು ವೈರು ಸರಿ ಇದ್ದವು. ಅದಕ್ಕೆ ಹೊಂದುವ ಹಳೆಯ ಪರದೆ ಎಲ್ಲಿಯಾದರೂ ಸಿಕ್ಕಿದರೆ ಹೇಳುತ್ತೇನೆ ಎಂದ. ಅಲ್ಲಿಯವರೆಗೆ ಶೇಖರ ಮತ್ತು ಯೋಗೀಶ್ ಸೆಟ್ ಇಲ್ಲದೆ ಕಡಲಿಗೆ ಹೋದರು. ಕೆಲವು ದಿನ ಮೀನು ಸಿಕ್ಕಿತು, ಹಲವು ದಿನ ಎಣ್ಣೆ ಖರ್ಚಿಗೂ ಸಾಲಲಿಲ್ಲ. ಅಂಥ ದಿನ ಶೇಖರ ಮಗಳ ಎದುರು ಕುಳಿತು ಉಣ್ಣುತ್ತಿರಲಿಲ್ಲ.

ಇದು ಹೀಗೆಯೇ ಇದ್ದರೆ ಆಗುವುದಿಲ್ಲ ಎಂದು ಕುಶಲಾಳಿಗೆ ಅನಿಸಿತು. ಒಂದು ಸಂಜೆ ಶೇಖರ ದೋಣಿಯ ಸಾಮಾನಿನ ಪೆಟ್ಟಿಗೆ ತಂದು ಅಂಗಳದಲ್ಲಿಟ್ಟಾಗ ಅವಳು ಹೇಳಿದಳು, "ಇನ್ನು ಮೇಲೆ ಇದನ್ನು ತೊಳೆದು ಒರೆಸುವುದು ತೃಷಾಳ ಕೆಲಸ. ಹೇಗೆ ಎಂದು ನೀವು ತೋರಿಸಿಕೊಡಿ."

"ಅವಳು ಮುಟ್ಟುವುದು ಬೇಡ."

"ಮುಟ್ಟಲು ಗೊತ್ತಿಲ್ಲದೆ ಅಲ್ವಾ ಬಿದ್ದದ್ದು? ಗೊತ್ತು ಮಾಡಿ."

ಶೇಖರ ಗೊಣಗಿದ. ಆದರೂ ಮೊದಲ ದಿನ ಬ್ಯಾಟರಿಯ ತುದಿಗಳಿಂದ ಉಪ್ಪು ಒರೆಸುವುದನ್ನು ತೋರಿಸಿದ. ಮರುದಿನ ವೈರನ್ನು ಗಂಟು ಬೀಳದಂತೆ ಸುತ್ತುವುದನ್ನು ತೋರಿಸಿದ. ಅವಳು ತಪ್ಪು ಸುತ್ತಿದಾಗ ಗದರಿದ; ಗದರುವುದು ಮೌನಕ್ಕಿಂತ ವಾಸಿ ಎಂದು ಕುಶಲಾ ಅಡುಗೆಮನೆಯಲ್ಲಿ ಮೀನು ಹುರಿಯುತ್ತಾ ಸಮಾಧಾನಪಟ್ಟಳು. ಕೆಲವೇ ದಿನಗಳಲ್ಲಿ ಅಂಗಳದಿಂದ ಇಬ್ಬರ ಚರ್ಚೆ ಕೇಳಿಸತೊಡಗಿತು. ಶಬ್ದ ತಳಕ್ಕೆ ಹೋಗಿ ವಾಪಸು ಬರುವುದು ಹೇಗೆ, ಮೀನಿಗೂ ಕಲ್ಲಿಗೂ ಬಣ್ಣ ಬೇರೆ ಯಾಕೆ ಎಂದು ಮಗಳು ಕೇಳುತ್ತಿದ್ದಳು. ಲಿಯೋನೆಲ್ ಹಳೆಯ ಪರದೆ ಸಿಕ್ಕಿತೆಂದು ಫೋನ್ ಮಾಡಿದಾಗ ಶೇಖರ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಲ್ಪೆಗೆ ಹೋದ. "ಆ ಪ್ರಶ್ನೆ ಎಲ್ಲ ಅವನಿಗೆ ಕೇಳು, ನನ್ನ ತಲೆ ತಿನ್ನಬೇಡ" ಎಂದು ಹೇಳಿಯೇ ಕರೆದುಕೊಂಡು ಹೋದ. ಬಾವಿಗೆ ಬಿದ್ದ ಪರದೆಯಷ್ಟು ಚಂದದ ಬಣ್ಣ ಈ ಹಳೆಯದರಲ್ಲಿ ಇರಲಿಲ್ಲ. ಆದರೆ ತಳ ಕಾಣುತ್ತಿತ್ತು, ಹಿಂಡು ಕಾಣುತ್ತಿತ್ತು.

ಶಿರ್ವದಲ್ಲಿ ಇಮೆಲ್ಡಾ ಬಾಯಮ್ಮನಿಗೆ ಸುದ್ದಿ ಹೇಗೋ ತಲುಪಿತ್ತು. "ನೀನು ಮೊದಲು ಮಗಳ ಕೈ ನೋಡಿದೆಯಾ?" ಎಂದು ಗೇಟಿನಲ್ಲೇ ಕೇಳಿದರು.

"ಇಲ್ಲ ಬಾಯಮ್ಮ, ಮೊದಲು ಕೂಗಿದೆ. ಆಮೇಲೆ ನೋಡಿದೆ" ಎಂದಳು ಕುಶಲಾ, ಮೀನು ತೂಗುತ್ತಾ. ಹೇಳಲು ಅವಳಿಗೆ ನಾಚಿಕೆಯೇನೂ ಆಗಲಿಲ್ಲ. ಅಭಿಪ್ರಾಯ ಕೊಡುವುದನ್ನು ಅವಳು ನಿಲ್ಲಿಸಲೂ ಇಲ್ಲ.

ಜನವರಿಯ ಒಂದು ಬೆಳಗ್ಗೆ ಕಾಪುವಿನ ಮರಳ ಮೇಲೆ ಏಲಂ ಜೋರಾಗಿತ್ತು. ಬೂತಾಯಿ ಮೀನಿನ ರಾಶಿಯ ಸುತ್ತ ಹೆಂಗಸರು ಕೂಗಾಡುತ್ತಿದ್ದರು, ಕುಶಲಾಳ ದನಿ ಎಲ್ಲರಿಗಿಂತ ಮೇಲೆ. ಯೂನಿಫಾರಂ ಹಾಕಿಕೊಂಡ ತೃಷಾ ಮರಳಿನಲ್ಲಿ ಎಡವುತ್ತಾ ಓಡಿಬಂದಳು. ಕೈಯಲ್ಲಿ ಅಮ್ಮನ ಫೋನು. ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು.

"ಅಮ್ಮ, ಚಾರ್ಜರ್ ತೆಗೆಯುವಾಗ ಬಿತ್ತು. ನನ್ನ ಕೈಯಿಂದಲೇ ಬಿದ್ದದ್ದು."

ಶಿರ್ವದ ಅಷ್ಟೂ ಮನೆಗಳ ಆರ್ಡರ್ ಬರುವ ಫೋನು ಅದು. "ಕಣ್ಣು ಎಲ್ಲಿ ಉಂಟು ನಿನ್ನದು?" ಎಂಬ ಕೂಗು ಕುಶಲಾಳ ಬಾಯಿಂದ ಬಂದೇ ಬಂತು. ಸುತ್ತ ನಿಂತವರು ತಿರುಗಿ ನೋಡಿದರು. ತೃಷಾ ಹಿಂದೆ ಸರಿಯಲಿಲ್ಲ, ಅಮ್ಮನ ಉಸಿರು ಇಳಿಯುವವರೆಗೆ ಕಾದು ಹೇಳಿದಳು, "ಒಳಗೆ ಸರಿ ಉಂಟು. ಕರೆ ಬರ್ತದೆ, ಹೋಗ್ತದೆ, ನಾನು ಪರೀಕ್ಷೆ ಮಾಡಿದೆ. ಗಾಜು ಮಾತ್ರ ಹಾಕಿಸಬೇಕು. ಬೆರಳು ತಾಗಿಸುವಾಗ ಜಾಗ್ರತೆ, ಚುಚ್ಚುತ್ತದೆ."

ಕುಶಲಾ ಫೋನು ತೆಗೆದುಕೊಂಡಳು. ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು, ಏನೂ ಆಗಿರಲಿಲ್ಲ. "ಶಾಲೆಗೆ ಹೋಗು, ಹೊತ್ತಾಗ್ತದೆ. ಸಂಜೆ ಇಬ್ಬರೂ ಅಂಗಡಿಗೆ ಹೋಗುವಾ" ಎಂದಳು. ತೃಷಾ ಬಂದ ಹಾಗೆಯೇ ಓಡಿದಳು. ಪಕ್ಕದಲ್ಲಿದ್ದ, ಅವಳ ಹಾಗೆಯೇ ಮೀನು ಮಾರುವ ನಳಿನಾಕ್ಷಿ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಕಡಿಮೆ ಬೆಲೆಗೇ ಬೂತಾಯಿಯನ್ನು ಹೊಡೆದುಕೊಳ್ಳುತ್ತಿರುವುದು ಕೇಳಿ, ಕುಶಲಾ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮತ್ತೆ ಗುಂಪಿನೊಳಗೆ ನುಗ್ಗಿದಳು.