ವನಮಾಲಾ ಅವರ ಹೆಣದ ಪಾತ್ರ

ಗದಗಿನ ಕಡೆಯ ನಾಟಕ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಬಣ್ಣ ಹಚ್ಚಿದವರು ವನಮಾಲಾ. ಕಂಪನಿ ಮುಚ್ಚಿ, ಗಂಡನೂ ತೀರಿಕೊಂಡ ಮೇಲೆ ಕಾಶಿಗೆ ಬಂದು ಬಂಗಾಲಿ ಟೋಲಾದ ಲಾಡ್ಜೊಂದರ ಮೇಲ್ಮಹಡಿಯಲ್ಲಿ ನೆಲೆಸಿದ್ದರು. ಬೆಳಿಗ್ಗೆ ಕೇದಾರ ಘಾಟಿನಲ್ಲಿ ಸ್ನಾನ, ಸಂಜೆ ಪಕ್ಕದ ಕೋಣೆಯ, ತಮ್ಮ ಕಡೆಯವರೇ ಆದ ಕಮಲಾದೇವಿಯೊಡನೆ ಮಾತು. ನಾಟಕದ ಸುದ್ದಿಯನ್ನು ಮಾತ್ರ ಯಾರ ಮುಂದೆಯೂ ಎತ್ತುತ್ತಿರಲಿಲ್ಲ.

2005ರ ಮಾಘದಲ್ಲಿ ಹಿಂದಿ ಧಾರಾವಾಹಿಯೊಂದರ ತಂಡ ಅವರ ಗಲ್ಲಿಗೆ ಬಂತು. ಸತ್ತ ತಾಯಿಯಾಗಿ ಚಟ್ಟದ ಮೇಲೆ ಮಲಗಲು ಒಬ್ಬ ಮುದುಕಿ ಬೇಕಿತ್ತು. ಲಾಡ್ಜಿನ ಹೆಂಗಸರೆಲ್ಲ ಬಾಗಿಲು ಹಾಕಿಕೊಂಡರು. ವನಮಾಲಾ ಮಾತ್ರ, ಎಷ್ಟು ಹೊತ್ತು ಉಸಿರು ಬಿಗಿಹಿಡಿಯಬೇಕು ಎಂದು ತಮ್ಮ ಹರಕು ಹಿಂದಿಯಲ್ಲಿ ಕೇಳಿದರು.

ಮೇಕಪ್ಪಿನವನು ಮುಖಕ್ಕೆ ಬೂದಿಬಣ್ಣ ಬಳಿದು, ಅವರ ಎರಡೂ ಹೆಬ್ಬೆರಳುಗಳನ್ನು ಬಿಳಿ ದಾರದಿಂದ ಎದೆಯ ಮೇಲೆ ಕಟ್ಟಿ ಬಟ್ಟೆ ಹೊದಿಸಿದ. ಮಗಳ ಪಾತ್ರದ ಹುಡುಗಿ ಅಳಬೇಕು. ಮೂರು ಸಲ ಶಾಟ್ ಕೆಟ್ಟಿತು. ನಿರ್ದೇಶಕ ರೇಗಿದ. "ಅಯ್ಯೋ, ನನ್ನ ಕೈಲಿ ಆಗ್ತಿಲ್ಲ" ಎಂದು ಹುಡುಗಿ ಕನ್ನಡದಲ್ಲಿ ಗೊಣಗಿದಳು.

"ಹೆದರಬ್ಯಾಡವ್ವಾ, ನಾ ಇಲ್ಲೇ ಅದೀನಿ" ಎಂದಿತು ಹೆಣ.

ಹುಡುಗಿ ಬೆಚ್ಚಿ, ಆಮೇಲೆ ನಕ್ಕಳು. ಹೆಸರು ಧನ್ಯಾ, ಮೈಸೂರಿನವಳು, ಇದೇ ಮೊದಲ ಧಾರಾವಾಹಿ.

ನಾಲ್ಕನೇ ಸಲ ಶಾಟ್ ಸರಿಹೋಯಿತು. ಮುಂದಿನದು ಧನ್ಯಾಳ ಮುಖವಷ್ಟೇ ಕಾಣುವ ಶಾಟ್. ಅಮ್ಮನ ಜಾಗದಲ್ಲಿ ದಿಂಬಿಟ್ಟರೆ ಸಾಕು, ನೀವು ಚಹಾ ಕುಡಿಯಿರಿ ಎಂದ ಸಹಾಯಕ. "ಆಕಿ ಅಳೂಮುಂದ ನಾ ಚಹಾ ಕುಡೀಲೇನು?" ಎಂದು ತಮಗೇ ಹೇಳಿಕೊಂಡು ವನಮಾಲಾ ಮತ್ತೆ ಧನ್ಯಾಳ ಬಲಕ್ಕೆ ಮಲಗಿದರು.

ಅಷ್ಟರಲ್ಲಿ ನಿಜವಾದ ಚಟ್ಟವೊಂದು ಬಂತು. ಕ್ಯಾಮೆರಾದ ತಂತಿಗಳು ಗಲ್ಲಿಗೆ ಅಡ್ಡವಾಗಿದ್ದವು. "ಬಸ್, ದೋ ಮಿನಟ್ ಭೈಯಾ" ಎಂದು ಸಹಾಯಕ ಕೈಮುಗಿದ. ಹೊತ್ತಿದ್ದ ನಾಲ್ವರು ಅದನ್ನು ಧನ್ಯಾಳ ಎಡಕ್ಕೆ, ಕಲ್ಲಿನ ಮೆಟ್ಟಿಲ ಮೇಲಿಳಿಸಿ ತಂಬಾಕು ತಿಕ್ಕುತ್ತ ನಿಂತರು. ಕಣ್ಣುಮುಚ್ಚಿ ಕೂತಿದ್ದ ಧನ್ಯಾಳಿಗೆ ಇದು ತಿಳಿಯಲಿಲ್ಲ.

ಕ್ಯಾಮೆರಾ ಓಡಿತು. ನಿರ್ದೇಶಕ ಹೇಳಿದಂತೆ ಅವಳು ಎದುರಿನ ಮಾಳಿಗೆಯತ್ತ ನೋಡಿದಳು. ಹೇಳಬೇಕಾದ ಮಾತು ಮರೆತುಹೋಯಿತು. ಯಾವ ಕಡೆಗೆಂಬ ಎಚ್ಚರವಿಲ್ಲದೆ, ಆಸರೆಗೆಂದು ಎಡಗೈ ಚಾಚಿದಳು. ಒಂದು ಕೈ ಸಿಕ್ಕಿತು. ಒದ್ದೆಯಾಗಿ, ತಣ್ಣಗಿತ್ತು. ಅದು ಅವಳ ಬೆರಳುಗಳನ್ನು ಒಮ್ಮೆ ಬಿಗಿಯಾಗಿ ಒತ್ತಿತು. ಧನ್ಯಾ ಬಿಕ್ಕಿ ಬಿಕ್ಕಿ ಅತ್ತಳು. ಒಂದು ಮಾತೂ ತಪ್ಪಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಅಮ್ಮಾ, ನೀವು ಕೈ ಹಿಡೀದೇ ಇದ್ದಿದ್ರೆ..." ಎನ್ನುತ್ತ ಅವಳು ಬಲಕ್ಕೆ ತಿರುಗಿದಳು. ವನಮಾಲಾ ಎದ್ದು ಕೂತು, ದಾರ ಬಿಗಿದ ಎರಡೂ ಕೈಗಳನ್ನು ಬಟ್ಟೆಯಿಂದ ಹೊರಗೆತ್ತಿದರು.

"ನಾ ಹಿಡೀಲಿಲ್ಲವ್ವಾ."

ಇಬ್ಬರೂ ಎಡಕ್ಕೆ ನೋಡಿದರು. ಚಟ್ಟದ ಬಟ್ಟೆಯಿಂದ ಒಂದು ಕೈ ಮಣಿಕಟ್ಟಿನವರೆಗೆ ಹೊರಬಂದು, ಅಂಗೈ ಮೇಲಾಗಿ ಕಲ್ಲಿನ ಮೇಲೆ ಬಿದ್ದಿತ್ತು.

ಹೊರುವವನೊಬ್ಬ ಓಡಿಬಂದ. ಮುಂಜಾನೆ ತಾನೇ ಕಟ್ಟಿದ್ದೇನೆ, ಹಗ್ಗ ಸಡಿಲವಾಗಿಲ್ಲ ಎನ್ನುತ್ತ ಕೈಯನ್ನು ಒಳಗೆ ತಳ್ಳಿದ. ಅದು ಸುಲಭಕ್ಕೆ ಹೋಗಲಿಲ್ಲ. ಮೊನ್ನೆ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಒಬ್ಬಳೇ ಬಂದಿಳಿದ ಮುದುಕಿಯಂತೆ. ಹೆಸರು ಹೇಳುವ ಮೊದಲೇ ಹೋಗಿಬಿಟ್ಟಳಂತೆ. "ಏನ್ಕರ್ ಕೇಹೂ ನಾಹೀಂ ಬಾ," ಇವರಿಗೆ ಯಾರೂ ಇಲ್ಲ, ಎಂದ.

ಧನ್ಯಾ ಎದ್ದು ಹಿಂದೆ ಸರಿದಳು. "ನಾನು ವ್ಯಾನಲ್ಲಿ ಕೂತ್ಕೋತೀನಿ."

ವನಮಾಲಾ ಹಲ್ಲಿನಿಂದ ದಾರ ಕಡಿದುಕೊಂಡರು. "ನಮ್ಮ ಕಂಪನ್ಯಾಗ ಸತ್ತ ಪಾತ್ರ ಮಾಡಿದೋರನ್ನ ಪರದೆ ಬಿದ್ದ ಮ್ಯಾಲೆ ಜೋಡಿ ನಟರೇ ಕೈಕೊಟ್ಟು ಎಬ್ಬಸತಿದ್ವಿ. ಈಕಿನ್ನ ಎಬ್ಬಸಾಕ ಆಗಂಗಿಲ್ಲ. ಕಳಿಸಿಯರ ಬರೋಣ, ಬಾ."

ಇಬ್ಬರೂ ಬಣ್ಣ ಒರೆಸದೆ ಚಟ್ಟದ ಹಿಂದೆ ಹೊರಟರು. ಗಲ್ಲಿಯ ಜನ ಧನ್ಯಾಳನ್ನು ನಿಜವಾದ ಮಗಳೆಂದೇ ತಿಳಿದು ದಾರಿಬಿಟ್ಟರು. ವನಮಾಲಾರ ಬೂದಿಬಣ್ಣದ ಮುಖ ಕಂಡು ಹಾಲಿನವನೊಬ್ಬ ಗೋಡೆಗೆ ಅಂಟಿ ನಿಂತ. ಹರಿಶ್ಚಂದ್ರ ಘಾಟಿನಲ್ಲಿ, ನೀವು ಇವರಿಗೇನಾಗಬೇಕು ಎಂದು ಚಿತೆ ಒಟ್ಟುವವರು ಕೇಳಿದರು. "ಹಮ್ ಸಾಥ್ ಮೇ ಕಾಮ್ ಕಿಯಾ," ನಾವು ಜೊತೆಗೆ ಕೆಲಸ ಮಾಡಿದವರು, ಎಂದರು ವನಮಾಲಾ. ಬೆಂಕಿ ಹತ್ತಿ ಉರಿಯುವವರೆಗೂ ಧನ್ಯಾ ಅವರ ಸೆರಗು ಬಿಡಲಿಲ್ಲ.

ಮುಂಬೈಗೆ ಮರಳಿದ ಧನ್ಯಾ ತಿಂಗಳಿಗೊಮ್ಮೆ ಲಾಡ್ಜಿಗೆ ಫೋನ್ ಮಾಡುತ್ತಿದ್ದಳು. ಎದುರಿನವರ ಶಾಟ್ ಮುಗಿಯುವವರೆಗೆ ತಾನೀಗ ಕದಲುವುದಿಲ್ಲವೆಂದೂ, ಆದರೆ ಯಾರ ಕೈ ಹಿಡಿಯುವ ಮುನ್ನವೂ ಒಮ್ಮೆ ತಿರುಗಿ ನೋಡುತ್ತೇನೆಂದೂ ಹೇಳಿದಳು.

"ನಿಮಗ ಅಂಜಿಕಿ ಬರಲಿಲ್ಲೇನು?" ಎಂದು ಕಮಲಾದೇವಿ ಕೇಳಿದ್ದರು.

"ಬಂತು," ಎಂದರು ವನಮಾಲಾ. "ಆದರ ಕೂಸು ಮಾತು ಮರತಿತ್ತು. ಚಟ್ಟದ ಮ್ಯಾಲಿನಾಕಿಗೆ ಅದು ತಿಳೀತು. ಯಾವ ಕಂಪನಿಯಾಕಿನೋ ಏನೋ."