ಬೊಟ್ಟಿಟ್ಟ ಡಿಸ್ಕುಗಳು

ಆ ಡಿಸ್ಕಿಗೆ ನಾನು ಕೊಟ್ಟದ್ದು ಹನ್ನೊಂದು ಸಾವಿರದ ಇನ್ನೂರು. ಅಂಗಡಿಯವನು ಬಾಯಿಬಿಟ್ಟದ್ದು ಹನ್ನೆರಡೂವರೆ. ಇನ್ನೂ ಐನೂರು ಇಳಿಸುವ ಶಕ್ತಿ ನನ್ನ ನಾಲಿಗೆಗೆ ಇತ್ತು, ಆದರೆ ಆ ದಿನ ಮುಖ ಕೈಕೊಟ್ಟಿತು. ಗಿರಾಕಿಯ ಮುಖದಲ್ಲಿ ಅವಸರ ಕಂಡರೆ ಯಾವ ವ್ಯಾಪಾರಿಯೂ ಬಿಡುವುದಿಲ್ಲ. ನನ್ನ ಅಂಗಡಿಗೆ ಬಂದವರನ್ನು ನಾನೂ ಬಿಡುವುದಿಲ್ಲ. ಬೆಳಿಗ್ಗೆ ನನ್ನ ಸರ್ವರಿನಲ್ಲಿ ಒಂದು ಡಿಸ್ಕ್ ಕೆಟ್ಟಿತ್ತು. ಮಧ್ಯಾಹ್ನದೊಳಗೆ ಅದರ ಜಾಗಕ್ಕೆ ಇನ್ನೊಂದು ಬೇಕಿತ್ತು. ಅವಸರದ ಬೆಲೆ ಅಂತ ಆ ಐನೂರನ್ನು ಬಿಟ್ಟುಕೊಟ್ಟೆ.

ನನ್ನದು ವಿಜಯನಗರದಲ್ಲಿ ಮದುವೆ ಆಲ್ಬಂ ಮಾಡುವ ಅಂಗಡಿ. ಶುರು ಮಾಡಿದಾಗ ಸರ್ವರ್ ಎಲ್ಲಿಯದು? ಮನೆಯ ಊಟದ ಮೇಜಿನ ಮೇಲೆ ಕಪ್ಪು ಹಾಳೆಗೆ ಫೋಟೋ ಅಂಟಿಸಿ, ಮೂಲೆ ಸಿಕ್ಕಿಸಿ, ನಡುವೆ ಬೆಣ್ಣೆಕಾಗದ ಇಟ್ಟು ಹೊಲಿದು ಕೊಡುತ್ತಿದ್ದೆ. ಈಗ ಏಳು ಕಂಪ್ಯೂಟರುಗಳಲ್ಲಿ ಏಳು ಜನ ಕೂತು ಆಲ್ಬಂ ಜೋಡಿಸುತ್ತಾರೆ. ಬಸವೇಶ್ವರನಗರದಿಂದ ಕೆಂಗೇರಿಯವರೆಗಿನ ಫೋಟೋಗ್ರಾಫರುಗಳು ಮದುವೆ ಮುಗಿಸಿ ಚಿತ್ರಗಳನ್ನು ತಂದು ನಮ್ಮ ಸರ್ವರಿಗೆ ಸುರಿದು ಹೋಗುತ್ತಾರೆ. ಅದರಲ್ಲಿ ಇರುವುದು ಎರಡು ಡಿಸ್ಕ್. ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬೀಳುತ್ತದೆ. ಹಳಬರಿಗೆ ಹೇಳುವುದಾದರೆ, ನಡುವೆ ಕಾರ್ಬನ್ ಹಾಳೆ ಇಟ್ಟು ಬರೆದ ಹಾಗೆ. ಒಂದು ಸತ್ತರೆ ಇನ್ನೊಂದು ಕೆಲಸ ನಡೆಸುತ್ತದೆ. ನಡೆಸುತ್ತಿತ್ತು ಕೂಡ, ಅವತ್ತು ಸರ್ವರ್ ಕುಯ್ಯೋ ಅನ್ನುತ್ತಿದ್ದರೂ ಏಳೂ ಜನ ಏನೂ ಆಗದವರಂತೆ ಕೆಲಸ ಮಾಡುತ್ತಿದ್ದರು.

ಹೊಸ ಡಿಸ್ಕ್ ಹಿಡಿದು ಅಂಗಡಿಗೆ ಬರುವ ಹೊತ್ತಿಗೆ ನಮ್ಮ ರಿಪೇರಿಯವರು ಬಂದು ಕೂತಿದ್ದರು. ಗದಗಿನ ಕಡೆಯವರು. ಲಗ್ಗೆರೆಯಲ್ಲಿ ಇದ್ದುಕೊಂಡು ಕಾರ್ಖಾನೆಯ ಯಂತ್ರ ನೋಡಿಕೊಳ್ಳುತ್ತಿದ್ದವರು ಈಗ ಆರ್‌ಪಿಸಿ ಲೇಔಟಿನಲ್ಲಿ ಸ್ವಂತ ಕೆಲಸ ಮಾಡುತ್ತಾರೆ. ಪರದೆಯನ್ನೂ, ಡಿಸ್ಕುಗಳ ನಂಬರು ಬರೆದಿಟ್ಟುಕೊಂಡ ತಮ್ಮ ಪುಸ್ತಕವನ್ನೂ ನೋಡಿ, "ಎರಡನೇ ನಂಬರಿಂದು ಹೋಗೇತಿ ನೋಡ್ರಿ ಅಕ್ಕಾರ" ಅಂದರು.

"ಆಫ್ ಮಾಡಿ ಹಾಕೋಣ್ವಾ?" ಅಂದೆ.

"ಬ್ಯಾಡ್ರಿ. ನಾಕು ವರ್ಷದಿಂದ ಹಗಲು ರಾತ್ರಿ ಓಡಾಕತ್ತಾವ ಇವು. ಮುದಿ ಎತ್ತು ನಡೀತಿರೂತನಾ ನಡೀತದ, ಕುಂತ್ರ ಏಳಾಂಗಿಲ್ಲ. ಓಡಾಕತ್ತಿದ್ದಾಗನ ತೆಗದು ಹಾಕೂಣು."

ಓಡುತ್ತಿರುವಾಗಲೇ ಡಿಸ್ಕ್ ಬದಲಾಯಿಸಲು ಬರುವ ಸರ್ವರ್ ಅದು. ಅದಕ್ಕೆಂದೇ ಹೆಚ್ಚು ಕೊಟ್ಟು ತಗೊಂಡಿದ್ದೆ. ಮುಂದೆ ಎರಡು ಟ್ರೇ, ಒಂದರ ಮೇಲೆ '೧' ಅಂತ ಚೀಟಿ, ಇನ್ನೊಂದರ ಮೇಲೆ '೨'. ಇದೇನು ಬ್ರಹ್ಮವಿದ್ಯೆಯೇ ಅಂದುಕೊಂಡು ಎರಡನೆಯದರ ಹಿಡಿಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟನ್ನೇ ಹಿಡಿದುಬಿಟ್ಟರು.

"ತಡೀರಿ, ತಡೀರಿ! ಈ ಚೀಟಿ ನಾ ಹಚ್ಚಿದ್ದಲ್ಲ. ನಾ ನೆಟ್ಟಗ ಹಚ್ಚಿದ್ದೆ, ಇದು ಸೊಟ್ಟ ಐತಿ. ಯಾರ್ ಮುಟ್ಟೀರಿ ಇದನ್ನ?"

ಮುಟ್ಟಿದವಳು ನಾನೇ. ಆಯುಧಪೂಜೆಯ ದಿನ, ವರ್ಷಕ್ಕೆ ಅದೊಂದೇ ದಿನ ಸರ್ವರ್ ಆರಿಸುವುದು, ಎರಡೂ ಟ್ರೇ ಹೊರಗೆಳೆದು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೆ. ಚೀಟಿಗಳು ನೆನೆದು ಕಿತ್ತು ಬಂದವು. ಒಣಗಿಸಿ ಮತ್ತೆ ಅಂಟಿಸಿದೆ. ಯಾವುದರ ಮೇಲೆ ಯಾವುದಿತ್ತು ಅಂತ ಆಗ ಒಂದು ಕ್ಷಣ ಅನುಮಾನ ಬಂದದ್ದೂ ನಿಜ, ಇವತ್ತು ಒಪ್ಪಿಕೊಳ್ಳುತ್ತೇನೆ. ಎರಡೂ ಒಂದೇ ಥರ ಇದ್ದವು, ಮಂಗಳಾರತಿಗೆ ಹೊತ್ತಾಗಿತ್ತು. ಆಮೇಲೆ ಗಂಧ ತೇಯ್ದು, ಕುಂಕುಮ ಹಚ್ಚಿ, ಹೂವಿಟ್ಟು ಕೈ ಮುಗಿದೆ. ಟ್ರೇಗಳ ಮೇಲೆ ಬೊಟ್ಟಿಡಲು ಹೇಳಿಮಾಡಿಸಿದಂತೆ ಪುಟ್ಟ ಗುಂಡು ಕಿಂಡಿಗಳು ಇದ್ದವು. ಅಲ್ಲೇ ಇಟ್ಟಿದ್ದೆ, ದಪ್ಪಗೆ.

ರಿಪೇರಿಯವರು ಬಗ್ಗಿ ನೋಡಿದರು. "ಅಕ್ಕಾರ, ದೇವರಿಗೆ ಕುಂಕುಮ ಹಚ್ಚೂದು ಸರಿ. ದೇವರ ಕಣ್ಣಿಗೇ ಹಚ್ಚಿದ್ರ ಹ್ಯಾಂಗ್ರಿ? ಡಿಸ್ಕ್ ಓಡಾಕತ್ತೇತೋ ಇಲ್ಲೋ ಅಂತ ತೋರ್ಸೂ ದೀಪ ರೀ ಅವು!"

ಏಳು ಜನರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. ಡಿಸ್ಕಿನ ನಿಜವಾದ ನಂಬರು ಅದರ ಮೈಮೇಲೆ ಇರುತ್ತದೆ, ಹೊರಗೆ ಎಳೆಯದೆ ಓದಲು ಬರುವುದಿಲ್ಲ. ಎಳೆದದ್ದು ಬದುಕಿರುವುದಾಗಿದ್ದರೆ? "ಬರಿಯೂತ ಇದ್ದಾಗ ಎಳದ್ರ ಒಳಗಿಂದು ಉಳದ್ರ ಪುಣ್ಯ" ಅಂದರು. "ಇದ್ರಾಗ ಬಿಟ್ರ ಮತ್ತೆಲ್ಲೂ ಇರದ್ದು ಏನರ ಐತೇನು?"

ಇಲ್ಲ ಅನ್ನಲು ಬಾಯಿ ತೆರೆದೆ. ಮುಗಿದ ಕೆಲಸವೆಲ್ಲ ಫೋಟೋಗ್ರಾಫರುಗಳ ಹತ್ತಿರ ಇರುತ್ತದೆ. ಹೊಸದಾಗಿ ಬಂದದ್ದು ಒಂದೇ ಮದುವೆ. ಕೆಂಗೇರಿ ಉಪನಗರದ ಹುಡುಗ ಎರಡು ದಿನದ ಹಿಂದೆ ತಂದುಕೊಟ್ಟದ್ದು. ಮದುವೆಯಾಗಿ ಇಬ್ಬರು ಮಕ್ಕಳಿರುವ ಅವನು ನನಗೆ ಇನ್ನೂ ಹುಡುಗನೇ. ಯಾವುದಕ್ಕೂ ಇರಲಿ ಅಂತ ಅವನಿಗೆ ಫೋನ್ ಮಾಡಿದೆ.

"ನಿನ್ನ ಕ್ಯಾಮೆರಾ ಕಾರ್ಡಲ್ಲಿ ಇದ್ಯಲ್ಲಪ್ಪಾ ಆ ಮದ್ವೆ?"

"ಕಾರ್ಡಲ್ಲಾ? ಫಾರ್ಮ್ಯಾಟ್ ಮಾಡ್ಬಿಟ್ಟೆ ಆಂಟಿ, ನಿನ್ನೆ ಇನ್ನೊಂದು ರಿಸೆಪ್ಷನ್ ಇತ್ತಲ್ಲ. ನಿಮ್ಹತ್ರ ಇದೆಯಲ್ವಾ?" ನಾನು ಸರ್ವರಿನ ಕಡೆ ತಿರುಗಿ ನೋಡಿದೆ. "ಆಂಟಿ... ಇದೆ ತಾನೆ?"

"ಇದೆ. ನಿನ್ನ ಹತ್ರ ಇರೋ ದೊಡ್ಡ ಡಿಸ್ಕ್ ತಗೊಂಡು ಬೇಗ ಬಾ."

ಮೆಟ್ರೋ ಹಿಡಿದು ಮುಕ್ಕಾಲು ಗಂಟೆಯಲ್ಲಿ ಬಂದ. ಬೆವರು ಇಳಿಯುತ್ತಿತ್ತು. ಆ ಮದುವೆಯ ಹೆಣ್ಣಿನ ತಂದೆ ಅವನಿರುವ ಕಡೆಯ ಹಳೇ ಊರಿನ ಗೌಡರು, ಸುತ್ತಮುತ್ತ ಯಾರ ಮನೆಯ ಮದುವೆಗೆ ಯಾರು ಫೋಟೋ ತೆಗೆಯಬೇಕು ಅಂತ ಹೇಳುವಂಥವರು. "ಅವ್ರಿಗೆ ಏನ್ ಹೇಳ್ಲಿ ಆಂಟಿ? ಸಾರ್, ಇನ್ನೊಂದ್ ಸಲ ತಾಳಿ ಕಟ್ಸಿ ಅನ್ಲಾ? ನಾನು ಕ್ಯಾಮೆರಾ ಮಾರ್ಕೊಂಡು ಹೋಗ್ಬೇಕು ಅಷ್ಟೆ."

"ಬಾಯ್ಮುಚ್ಚಿ ಕೂತ್ಕೊ, ಮಜ್ಜಿಗೆ ಕುಡಿ" ಅಂದೆ. ಅವನಿಗೆ ಹೇಳಿದ್ದೇನೋ ಸರಿ, ನನ್ನ ಲೋಟದ ಮಜ್ಜಿಗೆ ಹಾಗೇ ಉಳಿದಿತ್ತು. ಅವನ ಕೆಲಸ ಹೋದರೆ ನನ್ನ ಹೆಸರೂ ಅದರ ಜೊತೆಗೇ ಹೋಗುತ್ತದೆ.

ರಿಪೇರಿಯವರು ಕಿವಿಗೆ ಹಾಕುವ ಹತ್ತಿಕಡ್ಡಿ ತರಿಸಿ, ಒಣಗಿ ಕಲ್ಲಾಗಿದ್ದ ಗಂಧ ಕುಂಕುಮವನ್ನು ಸ್ವಲ್ಪ ಸ್ವಲ್ಪವೇ ಕೆರೆದರು. ಪೆಟ್ಟಿಗೆ ಅಲುಗಬಾರದು ಅಂತ ನಾನು ಅದನ್ನು ಮಗುವಿನ ತಲೆಯಂತೆ ಹಿಡಿದುಕೊಂಡಿದ್ದೆ. ಆಮೇಲೆ, ದೀಪ ಹೇಳುವುದರಲ್ಲಿ ಗೊಂದಲ ಇರಬಾರದು ಅಂತ, ಏಳೂ ಜನರಿಗೆ ಕೆಲಸ ಸೇವ್ ಮಾಡಿ ಟೀ ಕುಡಿಯಲು ಹೋಗಿ ಅಂದೆವು. ಯಾರೂ ಏನೂ ಬರೆಯದಿದ್ದಾಗ ಎರಡು ದೀಪವೂ ಸುಮ್ಮನಾದವು. ಆಗ ಆ ಮದುವೆಯ ಫೋಲ್ಡರನ್ನು ಹುಡುಗನ ಡಿಸ್ಕಿಗೆ ನಕಲು ಮಾಡಲು ಬಿಟ್ಟರು. ಓದುವುದು ಬದುಕಿರುವ ಡಿಸ್ಕ್ ತಾನೆ? ಹಾಗಾಗಿ ಯಾವ ದೀಪ ಮಿನುಗುತ್ತದೋ ಅದು ಬದುಕಿರುವುದು.

ಮಿನುಗಿದ್ದು '೨' ಅಂತ ಚೀಟಿ ಇದ್ದದ್ದು. ನಾನು ಎಳೆಯಲು ಕೈ ಹಾಕಿದ್ದೇ ಅದಕ್ಕೆ.

ನಾನೇ "ಚೀಟಿ ಕಿತ್ತಾಕಿ ಮೊದ್ಲು" ಅಂದೆ.

ದೀಪ ಸಿಕ್ಕ ಮೇಲೆ ಸತ್ತದ್ದನ್ನು ತೆಗೆದು ಹೊಸದನ್ನು ಹಾಕಿಬಿಡೋಣ, ಕೆಲಸ ಬೇಗ ಮುಗಿಯುತ್ತದೆ ಅಂತ ನನ್ನ ಲೆಕ್ಕ. ಅವರು ಒಪ್ಪಲಿಲ್ಲ. ನಕಲು ಮುಗಿಯುವವರೆಗೆ ಯಾವುದನ್ನೂ ಮುಟ್ಟಕೂಡದು ಅಂದರು. ಹೊಸ ಡಿಸ್ಕ್ ಹಾಕಿದ ಕೂಡಲೇ ಹಳೆಯದು ತನ್ನಲ್ಲಿರುವುದನ್ನೆಲ್ಲ ಗಂಟೆಗಟ್ಟಲೆ ಓದಿಕೊಡಬೇಕು, ಸಾಯುವುದಿದ್ದರೆ ಅದು ಆಗಲೇ ಸಾಯುವುದು. ನಾಲ್ಕು ವರ್ಷದ ಹಿಂದೆ ಎರಡನ್ನೂ ಒಂದೇ ಅಂಗಡಿಯಲ್ಲಿ, ಒಂದೇ ಪೆಟ್ಟಿಗೆಯಿಂದ, ಜೋಡಿಗೆ ಇಷ್ಟು ಅಂತ ಚೌಕಾಸಿ ಮಾಡಿ ತಂದವಳು ನಾನು. ಒಂದೇ ದಿನ ಹುಟ್ಟಿದವು ಹೆಚ್ಚುಕಡಿಮೆ ಒಟ್ಟಿಗೇ ಮುದಿಯಾಗುತ್ತವೆ ಅಂತ ಅವತ್ತು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ ಬಿಡಿ.

ನಕಲಿಗೆ ಒಂದೂವರೆ ಗಂಟೆ ಹಿಡಿಯಿತು. ನಡುವೆ ಒಮ್ಮೆ, ಎಷ್ಟು ನಕಲಾಯಿತು ಅಂತ ತೋರಿಸುವ ಪರದೆಯ ಪಟ್ಟಿ ನಿಂತೇ ಹೋಯಿತು. ಹುಡುಗ ಎದ್ದು ನಿಂತ. ದೀಪ ಮಿನುಗುತ್ತಲೇ ಇತ್ತು. "ದೊಡ್ಡ ವಿಡಿಯೊ ಐತಿ, ಕುಂದರೋ ಮಾರಾಯ" ಅಂದರು ರಿಪೇರಿಯವರು. ಪಟ್ಟಿ ಮತ್ತೆ ಸರಿಯಿತು. ಮುಗಿದ ಮೇಲೆ ಹುಡುಗ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಒಂದೊಂದೇ ತೆರೆದು ನೋಡಿದ. ಧಾರೆ, ಮಾಂಗಲ್ಯ, ಸಪ್ತಪದಿ, ಊಟದ ಪಂಕ್ತಿಯಲ್ಲಿ ಹೋಳಿಗೆ ಬೇಡ ಅನ್ನುತ್ತಾ ಕೈ ಅಡ್ಡ ಹಿಡಿದ ಗೌಡರು. ಅವರ ಮುಖ ಕಂಡದ್ದೇ ಅವನು ನಕ್ಕ ನಗು ನೋಡಬೇಕಿತ್ತು.

ಆಮೇಲಿನದು ಸುಲಭ. ಸತ್ತದ್ದನ್ನು ಎಳೆದು, ಮೈಮೇಲಿನ ನಂಬರನ್ನು ಪುಸ್ತಕದ ಜೊತೆ ಎರಡು ಸಲ ಗಟ್ಟಿಯಾಗಿ ಓದಿ ತಾಳೆ ನೋಡಿ, ಹೊಸದನ್ನು ಹಾಕಿದರು. ಟೀ, ಊಟ ಎರಡೂ ಮುಗಿಸಿ ಬಂದ ಏಳು ಜನ ಮತ್ತೆ ಕೆಲಸಕ್ಕೆ ಕೂತರು. ಪರದೆಯಲ್ಲಿ ನೂರಕ್ಕೆ ಇಷ್ಟು ತುಂಬಿತು ಅಂತ ಏರುತ್ತಾ ಹೋಯಿತು. ನಾನು ನಡುನಡುವೆ ಬಂದು, ಹಾಲು ಕಾಯಿಸಲು ಇಟ್ಟವಳಂತೆ ಇಣುಕಿ ಹೋಗುತ್ತಿದ್ದೆ. ಸಂಜೆ ಅಂಗಡಿ ಮುಚ್ಚುವ ಮುಂಚೆ ನೂರು ಮುಟ್ಟಿತು. ಹುಡುಗ ಹೋಗುವಾಗ, "ಆಂಟಿ, ಇಷ್ಟು ಹೆದ್ರಿಸಿದ್ದಕ್ಕೆ ಆಲ್ಬಂ ರೇಟಲ್ಲಿ ಸ್ವಲ್ಪ ನೋಡಿ" ಅಂದ. "ಕಾರ್ಡ್ ಫಾರ್ಮ್ಯಾಟ್ ಮಾಡ್ದೋನು ನೀನು, ನಾನ್ ಯಾಕೋ ನೋಡ್ಬೇಕು?" ಅಂದೆ. ಆದರೂ ಕವರ್ ಮೇಲಿನ ಹೆಸರು ಬಂಗಾರದ ಅಕ್ಷರದಲ್ಲಿ ಬರಲಿ, ಅದಕ್ಕೆ ಬೇರೆ ಹಾಕುವುದಿಲ್ಲ ಅಂತ ಒಪ್ಪಿದೆ. ನನ್ನ ಮನಸ್ಸೂ ಅವತ್ತು ಹಗುರವಾಗಿತ್ತು.

ನೀವೂ ಸಣ್ಣದೋ ದೊಡ್ಡದೋ ಇಂಥದ್ದೊಂದು ಸರ್ವರ್ ಇಟ್ಟುಕೊಂಡಿದ್ದರೆ ನನ್ನ ಮಾತು ಕೇಳಿ. ಜೋಡಿ ಡಿಸ್ಕ್ ಇದೆ ಅಂತ ಧೈರ್ಯ ಮಾಡಬೇಡಿ. ಅದು ಕೆಲಸ ನಿಲ್ಲದ ಹಾಗೆ ನೋಡಿಕೊಳ್ಳುತ್ತದೆಯೇ ಹೊರತು ನಿಮ್ಮ ತಪ್ಪಿನಿಂದ ಕಾಪಾಡುವುದಿಲ್ಲ. ಮೂರನೆಯ ಪ್ರತಿ ಬೇರೆ ಮನೆಯಲ್ಲೇ ಇರಲಿ, ತಂಗಿಯ ಬೀರುವಾದರೂ ಆದೀತು. ಜೋಡಿ ತಗೊಳ್ಳುವಾಗ ಎರಡು ಅಂಗಡಿಯಲ್ಲಿ ಒಂದೊಂದು ತಗೊಳ್ಳಿ, ನೂರಿನ್ನೂರು ಹೆಚ್ಚಾದರೂ ಸರಿ. ತಂದುಕೊಟ್ಟವರಿಗೆ, ನಮ್ಮಲ್ಲಿ ಎರಡು ಕಡೆ ಬಿದ್ದಿದೆ ಅಂತ ನಾವು ಹೇಳುವವರೆಗೆ ಕಾರ್ಡ್ ಅಳಿಸಬೇಡಿ ಅಂತ ಬರೆದೇ ಕೊಡಿ. ರಿಪೇರಿಗೆ ಬಂದವರ ಮಜೂರಿಯಲ್ಲಿ ಚೌಕಾಸಿ ಮಾಡಿ, ಬೇಡ ಅನ್ನುವುದಿಲ್ಲ. ಕೆಲಸಕ್ಕೆ ಅವರು ಕೇಳುವಷ್ಟು ಸಮಯದಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.